ಎರಡು ದಾರಿಯ ಗಂಟು

ಒಂದು ವ್ಯಾಧಿಯನ್ನು ಅಡಗಿಸಿ ಇನ್ನೊಂದನ್ನು ಎಬ್ಬಿಸುವ ಚಿಕಿತ್ಸೆಯನ್ನು ಶುದ್ಧವೆನ್ನಲಾಗದೆಂಬುದು ಆಯುರ್ವೇದಾಚಾರ್ಯರ ಹಳೆಯ ವಿವೇಕ. ಆದರೆ ಮಗುವಿನ ರಕ್ತವೇ ಅದಕ್ಕೆ ಶತ್ರುವಾಗಿ ನಿಂತಾಗ ವೈದ್ಯನು ಶುದ್ಧಾಶುದ್ಧವನ್ನು ಎಣಿಸುತ್ತ ಕುಳಿತಿರಲಾರನು.

ಒಂದು ಕಾಲದಲ್ಲಿ ಲ್ಯುಕೀಮಿಯಾ ಎಂಬ ರಕ್ತದ ಕ್ಯಾನ್ಸರು ತಗುಲಿದ ಮಕ್ಕಳು ಕೆಲವೇ ತಿಂಗಳುಗಳಲ್ಲಿ ತೀರಿಹೋಗುತ್ತಿದ್ದರು. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅವರು ಅಮಿನಾಪ್ಟೆರಿನ್ ಕೊಟ್ಟ 16 ಮಕ್ಕಳಲ್ಲಿ 10 ಮಂದಿಗೆ, ಸ್ವಲ್ಪ ಕಾಲದ ಮಟ್ಟಿಗಾದರೂ, ಗುಣ ಕಂಡಿತೆಂದು ಪ್ರಕಟಿಸಿದರು. ಆ ಔಷಧವನ್ನು ಒದಗಿಸಿದ ಸಂಶೋಧಕರ ನಾಯಕರು ಭೀಮಾವರದಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾಯರು. ಇಂದು ಅನುಕೂಲವುಳ್ಳ ದೇಶಗಳಲ್ಲಿ ಲಿಂಫೋಬ್ಲಾಸ್ಟಿಕ್ ಲ್ಯುಕೀಮಿಯಾದ ಮಕ್ಕಳಲ್ಲಿ 100ಕ್ಕೆ ಸುಮಾರು 90 ಮಂದಿ ಬದುಕುತ್ತಾರೆ. ಚಿಕಿತ್ಸೆ ಮಾತ್ರ ಎರಡು ವರ್ಷಕ್ಕೂ ಮಿಗಿಲು ನಡೆಯುತ್ತದೆ. ಅದರ ಬಹುಭಾಗ ದಿನವೂ ಮರ್ಕ್ಯಾಪ್ಟೊಪ್ಯೂರಿನ್, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್.

ಈ ಔಷಧಗಳು ಕೆಟ್ಟ ಕಣಗಳ ಜೊತೆಗೆ ದೇಹದ ಕಾವಲಿನವರನ್ನೂ ಬಲಗುಂದಿಸುತ್ತವೆ. 1964ರಲ್ಲಿ ಎಪ್‌ಸ್ಟೈನ್, ಅಚಾಂಗ್, ಬಾರ್ ಎಂಬ ಮೂವರು, ಉಗಾಂಡದ ಮಕ್ಕಳ ಗೆಡ್ಡೆಯ ಕಣಗಳಲ್ಲಿ ಒಂದು ವೈರಸನ್ನು ಕಂಡರು. ಲೋಕದ ವಯಸ್ಕರಲ್ಲಿ ಬಹುಪಾಲು ಜನರೊಳಗೆ ಅದು ಇದ್ದೇ ಇದೆ. ಎಳವೆಯಲ್ಲಿ ಸದ್ದಿಲ್ಲದೆ ಹೊಕ್ಕು, ರಕ್ತದ ಬಿ ಲಿಂಫೋಸೈಟುಗಳಲ್ಲಿ ಆಜೀವ ಅಡಗಿರುತ್ತದೆ. ಟಿ ಲಿಂಫೋಸೈಟುಗಳು ಅದನ್ನು ಕಾಯುತ್ತಿರುತ್ತವೆ. ಈ ಕಾವಲು ಸಡಿಲವಾದರೆ, ಅಪೂರ್ವವಾಗಿಯಾದರೂ, ವೈರಸು ಹೊಕ್ಕ ಕಣಗಳು ಲಂಗುಲಗಾಮಿಲ್ಲದೆ ಬೆಳೆದು ಲಿಂಫೋಮ ಎಂಬ ಎರಡನೆಯ ಕ್ಯಾನ್ಸರಾಗುವುದುಂಟು.

ಮಗುವಿನ ತಲೆಯಲ್ಲಿ ಮತ್ತೆ ಚಿಗುರಿದ ಕೂದಲಿಗೆ ಎಣ್ಣೆ ಹಚ್ಚುವಾಗ ತಾಯಿಯ ಬೆರಳಿಗೆ ಕುತ್ತಿಗೆಯ ಗಂಟೊಂದು ತಗಲುತ್ತದೆ. ಹಳೆಯ ರೋಗವೇ ಮರಳಿತೆಂದು ಆಕೆಯ ಎದೆ ನಡುಗುತ್ತದೆ. ವೈದ್ಯನ ಸಂಕಟವೂ ಇಲ್ಲಿಯೇ. ಹಳೆಯದಾದರೆ ಔಷಧವನ್ನು ಉಗ್ರಗೊಳಿಸಬೇಕು. ವೈರಸಿನಿಂದ ಹುಟ್ಟಿದ್ದಾದರೆ ತಗ್ಗಿಸಬೇಕು ಇಲ್ಲವೆ ನಿಲ್ಲಿಸಬೇಕು. ಒಂದೇ ಗಂಟು, ಎದುರುಬದುರಾದ ಎರಡು ದಾರಿ. ಕೈಯಿಂದ ಮುಟ್ಟಿ ಇದನ್ನು ನಿರ್ಣಯಿಸಲಾಗದು. ಗಂಟಿನ ತುಣುಕನ್ನು ತೆಗೆದು, ಅದರಲ್ಲಿ ವೈರಸಿನ ಗುರುತುಂಟೇ ಎಂದು ಪರೀಕ್ಷಿಸಬೇಕು. ಕೆಲವರಲ್ಲಿ ಔಷಧವನ್ನು ನಿಲ್ಲಿಸಿದಷ್ಟಕ್ಕೇ ಗಂಟು ಕರಗುತ್ತದೆ. ಕೆಲವರಿಗೆ ಬಿ ಕಣಗಳನ್ನು ಅಳಿಸುವ ರಿಟುಕ್ಸಿಮ್ಯಾಬ್ ಬೇಕಾಗುತ್ತದೆ. ನಿಲುಗಡೆ ನೀಳವಾದರೆ ಹಳೆಯ ಶತ್ರು ತಲೆಯೆತ್ತೀತೆಂಬ ಭಯವೂ ಉಂಟು.

ಆಚಾರ್ಯರು ಬಯಸಿದ ಶುದ್ಧ ಚಿಕಿತ್ಸೆ ಈ ಮಕ್ಕಳಿಗೆ ಇನ್ನೂ ದೊರೆತಿಲ್ಲ. ಅದು ದೊರೆಯುವವರೆಗೆ ಮನೆಯವರ ಪಾಲಿನ ಧರ್ಮ ಎರಡೇ: ಗಂಟು ಕಂಡ ದಿನವೇ ವೈದ್ಯರಿಗೆ ತೋರಿಸುವುದು, ಅವರು ಹೇಳದೆ ಒಂದು ಮಾತ್ರೆಯನ್ನೂ ನಿಲ್ಲಿಸದಿರುವುದು.