ನವಣೆಯ ಗುಣ, ಅಡಿಕೆಯ ರಸ

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಶಾತವಾಹನ ಹಾಗೂ ರೋಮನ್ ನಾಣ್ಯಗಳೊಡನೆ ಚೀನದ ನಾಣ್ಯವೊಂದೂ ದೊರೆತ ಸಂಗತಿಯನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಅದರ ಕಾಲನಿರ್ಣಯದ ಚರ್ಚೆ ಇಲ್ಲಿ ಬೇಡ. ನನ್ನ ಕುತೂಹಲವಿರುವುದು ಹೊಸದುರ್ಗದ ಹೊಲಗಳ ನವಣೆಯ ಬಗೆಗೆ. ಈ ಧಾನ್ಯ ಮೊದಲು ಕೃಷಿಗೆ ಒಳಪಟ್ಟದ್ದು ಉತ್ತರ ಚೀನದಲ್ಲಿ ಎಂಬುದು ವಿದ್ವಾಂಸರ ಅಭಿಮತ. ಅದರ ತವರಿನ ವೈದ್ಯರು ಅದನ್ನು ಹೇಗೆ ಕಂಡಿದ್ದರೆಂದು ತಿಳಿಯಲು ‘ಹುವಾಂಗ್‌ದಿ ನೇಜಿಂಗ್’ ಗ್ರಂಥದ ಮೊದಲ ಭಾಗವನ್ನು ಪೌಲ್ ಉನ್‌ಶುಲ್ಡ್ ಮತ್ತು ಹರ್ಮನ್ ಟೆಸೆನೊ ಅವರ ಇಂಗ್ಲಿಷ್ ಅನುವಾದದಲ್ಲಿ (2011) ಓದತೊಡಗಿದೆನು.

ಆ ಶಾಸ್ತ್ರದಲ್ಲಿ ಪೋಷಣೆಯ ಪಟ್ಟ ಧಾನ್ಯಗಳಿಗೆ. ಹಣ್ಣು, ಮಾಂಸ, ತರಕಾರಿಗಳದು ಸಹಾಯಕ ಸ್ಥಾನ. 7ನೆಯ ಶತಮಾನದ ಸುನ್ ಸಿಮಿಯಾವೊ ರೋಗಕ್ಕೆ ಮೊದಲು ಆಹಾರ, ಅದು ಫಲಿಸದಿದ್ದರೆ ಔಷಧವೆಂದನು. ಪದಾರ್ಥದ ಸ್ವಭಾವ ಉಷ್ಣ, ಬೆಚ್ಚಗು, ತಂಪು, ಶೀತವೆಂದು ನಾಲ್ಕು ಬಗೆ. ಯಾವ ಕಡೆಗೂ ವಾಲದ ಸಮಸ್ವಭಾವವೂ ಉಂಟು. ರಸಗಳು ಐದು: ಹುಳಿ ಯಕೃತ್ತಿಗೆ, ಕಹಿ ಹೃದಯಕ್ಕೆ, ಸಿಹಿ ಪ್ಲೀಹಕ್ಕೆ, ಖಾರ ಶ್ವಾಸಕೋಶಕ್ಕೆ, ಉಪ್ಪು ಮೂತ್ರಪಿಂಡಕ್ಕೆ.

ಒಗರು ಎಲ್ಲಿ? ನಮ್ಮ ಷಡ್ರಸಗಳಲ್ಲಿ ಒಂದನ್ನು ಕಳೆದರೆ ಚೀನದ ಲೆಕ್ಕ ಸಿಕ್ಕಿತೆಂದು ಭಾವಿಸುವವರು ಹೊಳಲ್ಕೆರೆಯ ತೋಟದ ಅಡಿಕೆಯನ್ನು ಗಮನಿಸಬೇಕು. ಭಾವಪ್ರಕಾಶದಲ್ಲಿ ಅದು ಕಷಾಯರಸದ ಶೀತದ್ರವ್ಯ. ಚೀನದ ಔಷಧಕೋಶಗಳಲ್ಲಿ ಅದೇ ಅಡಿಕೆ ಖಾರ, ಕಹಿ ಮತ್ತು ಬೆಚ್ಚಗಿನ ಸ್ವಭಾವದ್ದು. ಹೊಟ್ಟೆಯ ಹುಳುಗಳನ್ನು ಹೊರಹಾಕುವ, ಕಟ್ಟಿಕೊಂಡದ್ದನ್ನು ಚಲಿಸುವಂತೆ ಮಾಡುವ ಮದ್ದು. ಚದುರಿಸುವುದು ಖಾರದ ಕೆಲಸ, ಹಿಡಿದಿಡುವುದು ಹುಳಿಯ ಕೆಲಸ. ನಮ್ಮ ಒಗರಿನ ಕೆಲಸ ಅಲ್ಲಿ ಹುಳಿಯಲ್ಲೇ ಅಡಗಿದೆ. ಅಂದರೆ ಅವರ ರಸ ನಾಲಗೆಯ ಸಾಕ್ಷಿಯಷ್ಟೇ ಅಲ್ಲ, ದೇಹದೊಳಗಿನ ಕಾರ್ಯದಿಂದ ಊಹಿಸಿದ್ದೂ ಹೌದು. (ಇಂದಿನ ವೈದ್ಯವಿಜ್ಞಾನ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆನ್ನುತ್ತದೆ, ಎರಡು ಶಾಸ್ತ್ರಗಳ ಹೊಗಳಿಕೆ ಅದಕ್ಕೆ ಉತ್ತರವಾಗದು.)

ಅಲ್ಲಿನ ಮಾಂಸಪ್ರಕರಣವನ್ನು ಓದುವಾಗ 9ನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ನೆನಪಾದರು. ಮಾಂಸ, ಮದ್ಯ, ಮಧುಗಳನ್ನು ಬಿಟ್ಟೂ ವೈದ್ಯಶಾಸ್ತ್ರ ನಿಲ್ಲಬಲ್ಲದೆಂದು ‘ಕಲ್ಯಾಣಕಾರಕ’ ತೋರಿಸಿದೆ.

ನವಣೆಯ ವಿಷಯದಲ್ಲಿ ಮಾತ್ರ ಎರಡೂ ನಾಡಿನ ಗ್ರಂಥಗಳು ಹತ್ತಿರ ಬರುತ್ತವೆ. ಚೀನದವರು ಅದನ್ನು ಉಪ್ಪುರಸದ, ತುಸು ಶೀತ ಸ್ವಭಾವದ ಧಾನ್ಯವೆಂದರು; ಚರಕಸಂಹಿತೆ ಪ್ರಿಯಂಗುವನ್ನು ಶ್ಯಾಮಾಕದ ಗುಣವುಳ್ಳದ್ದೆಂದು ಶೀತವರ್ಗದಲ್ಲಿಟ್ಟಿತು. ನಮ್ಮ ಮನೆಯಲ್ಲಾದರೋ ಸಾಮೆ ತಂಪು, ನವಣೆ ಕಾವು! ಬೇಸಗೆಯಲ್ಲಿ ಮಜ್ಜಿಗೆಯಿಲ್ಲದೆ ನಮ್ಮ ತಾಯಿ ನವಣೆಯನ್ನ ಬಡಿಸುತ್ತಿರಲಿಲ್ಲ.

ಹಿರಿಯೂರಿನ ನನ್ನ ಚಿಕ್ಕಮ್ಮನವರಿಗೆ ಸಕ್ಕರೆ ಕಾಯಿಲೆ. ಸಿರಿಧಾನ್ಯದ ಪೊಟ್ಟಣದ ಮೇಲಿನ ಬರಹವನ್ನು ನಂಬಿ ಮಗ ಮೂರು ಹೊತ್ತೂ ನವಣೆಯನ್ನೇ ಇಕ್ಕಿಸಿದನು. ವಾರದೊಳಗೆ ಅವರ ಬಾಯಿ ಹುಣ್ಣಾಯಿತು. “ಕಾವಾಯ್ತು ಕಣಪ್ಪ. ನಿನ್ನ ಪುಸ್ತಕ ಏನನ್ನುತ್ತೆ?” ಎಂದು ಕೇಳಿದರು. ಶೀತವೆನ್ನುತ್ತದೆ ಎಂದು ಹೇಳಿ ಸುಮ್ಮನಿರಬಹುದಾಗಿತ್ತು. ಆದರೆ ಚರಕನು ಆಹಾರವನ್ನು ತೂಗಲು ಹೇಳಿದ ಎಂಟು ಅಂಶಗಳಲ್ಲಿ ದ್ರವ್ಯದ ಪ್ರಕೃತಿ ಒಂದು ಮಾತ್ರ. ಸಂಸ್ಕಾರ, ಸಂಯೋಗ, ರಾಶಿ, ದೇಶ, ಕಾಲ, ಉಣ್ಣುವ ಕ್ರಮ, ಉಣ್ಣುವವನು ಎಲ್ಲವೂ ಸೇರಬೇಕು. ಚೀನದವರೂ ಋತುವನ್ನೂ ರೋಗಿಯನ್ನೂ ನೋಡದೆ ಗುಣ ಹೇಳುವವರಲ್ಲ. ಚಿತ್ರದುರ್ಗದ ಒಣಸೀಮೆಯ ಏಪ್ರಿಲ್ ತಿಂಗಳು ಪೊಟ್ಟಣದ ಮೇಲೆ ಅಚ್ಚಾಗಿರುವುದಿಲ್ಲ.

ಸಕ್ಕರೆಯ ಅಳತೆಗೆ ವೈದ್ಯರನ್ನು ಕಾಣಿರೆಂದೆನು. ವೈದ್ಯರು ನವಣೆಯನ್ನು ಬಿಡಿಸಲಿಲ್ಲ, ಪ್ರಮಾಣ ಇಳಿಸಿದರು. ಚಿಕ್ಕಮ್ಮನವರು ಈಗ ಮಧ್ಯಾಹ್ನ ಒಂದು ಹೊತ್ತು, ಮಜ್ಜಿಗೆಯೊಡನೆ ಉಣ್ಣುತ್ತಾರೆ. ಮಗನಿಗೆ ಇನ್ನೂ ಒಪ್ಪಿಗೆಯಿಲ್ಲ.