ತೆಂಗಿನಕಾಯಿಯೂ ಸಕ್ಕಶನ್ನೂ

ಕಾನ್ಕಶನ್ ಗೊತ್ತು, ತಲೆಗೆ ಪೆಟ್ಟು ಬಿದ್ದಾಗ ಕೇಳುವ ಪದ. ಪರ್ಕಶನ್ ಗೊತ್ತು, ಮೃದಂಗ, ತಬಲಾ, ಡ್ರಮ್ಸ್. ಆದರೆ ‘ಸಕ್ಕಶನ್’ ಅಂತ ಕೇಳಿದೀರಾ? ನನ್ನ ಫೋನ್ ಅದನ್ನು ‘ಸಕ್ಸೆಷನ್’ ಅಂತ ತಿದ್ದಿಬಿಡುತ್ತೆ, ಅಷ್ಟು ಅಪರೂಪ. ಅರ್ಥ ಮಾತ್ರ ಸರಳ: ಜೋರಾಗಿ ಕುಲುಕುವುದು.

ನನಗೆ ಈ ಪದ ಸಿಕ್ಕಿದ್ದು ಅಪ್ಪನ ಆಸ್ಪತ್ರೆ ಫೈಲಿನಲ್ಲಿ. ಎರಡು ತಿಂಗಳಿಂದ ಅಪ್ಪನಿಗೆ ಊಟ ಸೇರುತ್ತಿರಲಿಲ್ಲ. ನಿನ್ನೆ ತಿಂದದ್ದು ಇವತ್ತು ವಾಂತಿ. ‘ಗ್ಯಾಸು ಕಣೋ’ ಅಂತ ಸೋಡಾ ಕುಡಿದು ದಿನ ತಳ್ಳುತ್ತಿದ್ದರು. 9 ಕೆಜಿ ಇಳಿದಿದ್ದರು. ಬೆಂಗಳೂರಿಗೆ ಕರೆಸಿಕೊಂಡೆ. ಡಾಕ್ಟರ್ ಹೊಟ್ಟೆ ಮೇಲೆ ಸ್ಟೆತಸ್ಕೋಪ್ ಇಟ್ಟು, ಸೊಂಟ ಹಿಡಿದು ಅತ್ತಿತ್ತ ಅಲುಗಿಸಿದರು. ಒಳಗೆ ಗುಳಗುಳ ಅಂದದ್ದು ಪಕ್ಕದಲ್ಲಿ ನಿಂತ ನನಗೂ ಕೇಳಿಸಿತು.

“ಊಟ ಮಾಡಿ ಎಷ್ಟು ಹೊತ್ತಾಯ್ತು?”

“ರಾತ್ರಿ ಮಾಡಿದ್ದು ಸಾರ್.”

ಊಟವಾಗಿ ನಾಲ್ಕೈದು ಗಂಟೆ ಕಳೆದರೂ ಈ ಶಬ್ದ ಬಂದರೆ, ಜಠರ ಸರಿಯಾಗಿ ಖಾಲಿಯಾಗುತ್ತಿಲ್ಲ ಅಂತ ಅನುಮಾನ. ಫೈಲಿನಲ್ಲಿ ಬರೆದರು: ಸಕ್ಕಶನ್ ಸ್ಪ್ಲ್ಯಾಶ್.

ಎಂಡೋಸ್ಕೋಪಿಯಲ್ಲಿ ಜಠರದಿಂದ ಕರುಳಿಗೆ ಹೋಗುವ ದಾರಿ ಕಿರಿದಾಗಿದ್ದು ಕಂಡಿತು. ಹಳೇ ಹುಣ್ಣಿನ ಕಲೆಯೋ, ಕ್ಯಾನ್ಸರೋ? ಬಯಾಪ್ಸಿ ರಿಪೋರ್ಟ್‌ಗೆ ಐದು ದಿನ ಕಾಯಬೇಕಿತ್ತು. ಆ ಐದು ರಾತ್ರಿ ಕ್ಯಾನ್ಸರ್ ಬಗ್ಗೆ ಗೂಗಲ್ ಮಾಡಬಾರದು ಅಂತ ನನಗೆ ನಾನೇ ರೂಲ್ ಹಾಕಿಕೊಂಡೆ. ನಿದ್ದೆ ಬಾರದಾಗ ಈ ಪದದ ಹಿಂದೆ ಬಿದ್ದೆ.

ಲ್ಯಾಟಿನ್‌ನಲ್ಲಿ ‘ಕ್ವಾಟೆರೆ’ ಅಂದರೆ ಅಲುಗಿಸು. ಅದಕ್ಕೆ ‘ಕೆಳಗಿನಿಂದ’ ಎನ್ನುವ ‘ಸಬ್’ ಸೇರಿ ಸಕ್ಕಶನ್ ಆಯಿತು. ಕಾನ್ಕಶನ್, ಪರ್ಕಶನ್ ಇದರ ಅಣ್ಣತಮ್ಮಂದಿರು. ನಾವು ದಿನಕ್ಕೆ ಹತ್ತು ಸಲ ಆಫೀಸಿನಲ್ಲಿ ಮಾಡುವ ‘ಡಿಸ್ಕಸ್’ ಕೂಡ ಇದೇ ಮನೆಯದು. ಅದರ ಮೂಲ ಅರ್ಥ, ಕೊಡವಿ ಬಿಡಿಬಿಡಿ ಮಾಡುವುದು! ಹೋಲುತ್ತೆ ಅಂತ ‘ಕ್ವೇಕ್’ ಅನ್ನು ಸೇರಿಸಬೇಡಿ, ಅದು ಹಳೆಯ ಇಂಗ್ಲಿಷಿನ ಸ್ವಂತ ಪದ.

ಈ ಪರೀಕ್ಷೆಯೂ ಹಳೆಯದೇ. ಗ್ರೀಸಿನ ಹಿಪೊಕ್ರೆಟಿಸ್ ಹೆಸರಿನಲ್ಲಿರುವ, ಎರಡು ಸಾವಿರ ವರ್ಷಕ್ಕೂ ಹಿಂದಿನ ವೈದ್ಯಗ್ರಂಥಗಳಲ್ಲಿ ರೋಗಿಯ ಭುಜ ಹಿಡಿದು ಕುಲುಕಿ, ಎದೆಯೊಳಗೆ ಯಾವ ಕಡೆ ಶಬ್ದ ಬರುತ್ತೆ ಅಂತ ಕೇಳುವ ಕ್ರಮವಿದೆ. ಒಳಗೆ ದ್ರವದ ಜೊತೆ ಗಾಳಿಯೂ ಇದ್ದರೆ ಮಾತ್ರ ಆ ಶಬ್ದ. ತುಂಬಿದ ಕೊಡ ತುಳುಕೋದಿಲ್ಲ ಅಲ್ವಾ, ಹಾಗೆ.

ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ನಮ್ಮದು ತಿಪಟೂರು ಕಡೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಕಿವಿ ಹತ್ತಿರ ಹಿಡಿದು ಕುಲುಕಿಯೇ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳೋದು. ನೀರು ತುಳುಕಿದರೆ ಮತ್ತೆ ಅಟ್ಟಕ್ಕೆ. ನೀರಿಂಗಿ ಗಿಟುಕು ಲೊಟಲೊಟ ಅಂದರೆ ಒಡೆಯಬಹುದು.

“ಇದಕ್ಕೆ ಲ್ಯಾಟಿನ್ ಬೇರೆ ಬೇಕಾ? ನಾನು ನಲವತ್ತು ವರ್ಷದಿಂದ ಮಾಡ್ತಿರೋದು ಅದೇ” ಅಂದರು ಅಪ್ಪ. ಆಮೇಲೆ ಮೆಲ್ಲಗೆ, “ನಂದು ಇನ್ನೂ ನೀರುಕಾಯಿ ಅಂತಾಯ್ತು. ಒಡೆಯೋ ಟೈಮ್ ಬಂದಿಲ್ಲ ಬಿಡು” ಅಂದರು. ಅಮ್ಮ ಎದ್ದು ಹೊರಗೆ ಹೋದಳು.

ರಿಪೋರ್ಟ್ ಬಂತು. ಕ್ಯಾನ್ಸರ್ ಅಲ್ಲ, ಹಳೇ ಹುಣ್ಣಿನ ಕಲೆ. ಬಲೂನ್ ಹಾಕಿ ದಾರಿ ಹಿಗ್ಗಿಸಿದರು, ಮಾತ್ರೆ ಕೊಟ್ಟರು. ಈಗ ಅರ್ಧ ಮುದ್ದೆ ಊಟ ಮಾಡ್ತಾರೆ.

ಅದೇ ಬೇರಿನ ಇನ್ನೊಂದು ಪದ ಕೊನೆಗೆ ಸಿಕ್ಕಿತು: ‘ರೆಸ್ಕ್ಯೂ’. ಕೊಡವಿ ಹೊರಗೆ ಬಿಡಿಸಿಕೊಳ್ಳುವುದು ಅಂತ ಅದರ ಮೂಲ. ನಿಮ್ಮ ಮನೆಯಲ್ಲಿ ಯಾರಾದರೂ ನಿನ್ನೆ ತಿಂದದ್ದನ್ನು ಇವತ್ತು ವಾಂತಿ ಮಾಡ್ತಿದ್ದರೆ ಗ್ಯಾಸ್ ಅಂತ ಬಿಡಬೇಡಿ. ಬೇಗ ಡಾಕ್ಟರಿಗೆ ತೋರಿಸಿ.