ಮಧ್ಯಾಹ್ನ ಎರಡರ ಶಾಲೆ

ಹಳ್ಳಿಯ ಹೆಂಗಸಿಗೆ ಬಿಡುವು ಅಂತ ಒಂದಿದ್ದರೆ, ಅದು ಮಧ್ಯಾಹ್ನದ ಊಟ ಮುಗಿದು, ಮುಸುರೆ ತೊಳೆದಿಟ್ಟು, ದನ ಮನೆಗೆ ಬರುವುದರೊಳಗೆ ಸಿಗುವ ಒಂದೆರಡು ತಾಸು. ಅಕ್ಕಿ ಆರಿಸುವುದು, ತಲೆ ಬಾಚಿಕೊಳ್ಳುವುದು, ಸುದ್ದಿ ಹೇಳಿ ಸುದ್ದಿ ಕೇಳುವುದು ಎಲ್ಲವೂ ಆ ಹೊತ್ತಿನಲ್ಲೇ. ಮಹಾರಾಷ್ಟ್ರದ ಠಾಣೆ ಜಿಲ್ಲೆ ಮುರ್ಬಾಡ್ ತಾಲ್ಲೂಕಿನ ಫಾಂಗಣೆ ಎಂಬ ಸಣ್ಣ ಊರಿನಲ್ಲಿ 2016ರ ಮಾರ್ಚ್ 8ರಂದು ಶುರುವಾದ ‘ಆಜಿಬಾಯಿಚಿ ಶಾಳಾ’ ಎಂಬ ಅಜ್ಜಿಯರ ಶಾಲೆ ಹಿಡಿದುಕೊಂಡದ್ದೂ ಇದೇ ಹೊತ್ತನ್ನು. ಎರಡರಿಂದ ನಾಲ್ಕರವರೆಗೆ ಪಾಠ. ವಯಸ್ಕರಿಗೆ ಅಕ್ಷರ ಕಲಿಸಲು ಹೊರಟವರು ಸಾಮಾನ್ಯವಾಗಿ ಪುಸ್ತಕ, ಪೆನ್ಸಿಲು, ಕರಿಹಲಗೆಗಳ ಲೆಕ್ಕ ಹಾಕುತ್ತಾರೆ. ಫಾಂಗಣೆಯವರು ಮೊದಲು ಗಡಿಯಾರ ನೋಡಿದರು.

ಆ ಶಾಲೆಯ ಹುಟ್ಟೂ ಸೊಗಸಾಗಿದೆ. ಊರಲ್ಲಿ ಶಿವಾಜಿ ಜಯಂತಿ ನಡೆದಿತ್ತು. ಪೋಥಿ, ಅಂದರೆ ಧರ್ಮಗ್ರಂಥ, ಓದುತ್ತಿದ್ದವರನ್ನು ಕಂಡ ಅಜ್ಜಿಯರು, ನಮಗೂ ಓದಲು ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಹಂಬಲಿಸಿದರಂತೆ. ಆ ಮಾತು ಜಿಲ್ಲಾ ಪರಿಷತ್ ಶಾಲೆಯ ಮೇಷ್ಟ್ರು ಯೋಗೇಂದ್ರ ಬಾಂಗರ್ ಅವರ ಕಿವಿಗೆ ಬಿತ್ತು. ಒಂದು ದತ್ತಿ ಸಂಸ್ಥೆಯ ನೆರವು ಸಿಕ್ಕಿತು. ಅರವತ್ತರಿಂದ ತೊಂಬತ್ತರ ಆಚೀಚಿನ ವಯಸ್ಸಿನ ಮುದುಕಿಯರು ಗುಲಾಬಿ ಬಣ್ಣದ ಒಂಬತ್ತು ಗಜದ ಸೀರೆಯುಟ್ಟು, ಹೆಗಲಿಗೆ ಚೀಲ ಹಾಕಿಕೊಂಡು ಶಾಲೆಗೆ ಹೊರಟರು. ಅವರಿಗೆ ಕಲಿಸುವಾಕೆ ಅವರಲ್ಲೇ ಒಬ್ಬರ ಸೊಸೆ. ಅಲ್ಲಿ ಅತ್ತೆಯ ಅಕ್ಷರ ಸೊಟ್ಟಗಾದರೆ ತಿದ್ದುವ ಅಧಿಕಾರ ಸೊಸೆಗಿದೆ. ಮನೆಯಲ್ಲಿ ಮೊಮ್ಮಕ್ಕಳು ಅಜ್ಜಿಯ ಹೋಂವರ್ಕ್ ನೋಡುತ್ತಾರೆ. ಯಾವ ಪಠ್ಯಕ್ರಮ ಸಮಿತಿಯೂ ಇಂಥ ಏರ್ಪಾಡನ್ನು ಯೋಚಿಸಿ ಮಾಡಲಾರದು.

ಆ ಸಮವಸ್ತ್ರವನ್ನು ಕಂಡು, ಇದೆಲ್ಲ ಫೋಟೊಗೆ ಚೆಂದ ಎಂದು ಮೂಗು ಮುರಿಯುವವರೂ ಇದ್ದಾರೆ. ಇರಲಿ. ಎಳೆತನದಲ್ಲಿ ತಮ್ಮನನ್ನು ಎತ್ತಿಕೊಂಡು ಶಾಲೆಯ ಹೊರಗೆ ನಿಂತೇ ಕಳೆದವಳಿಗೆ, ತನ್ನದೇ ಒಂದು ಶಾಲೆಯ ಸೀರೆಯುಡುವುದು ಫೋಟೊದ ಮಾತಲ್ಲ.

ಕರ್ನಾಟಕದಲ್ಲಿ ಇಂಥ ಕೂಟಗಳಿಗೆ ಇದಕ್ಕಿಂತ ಹಳೆಯ, ಇದಕ್ಕಿಂತ ಖಾರವಾದ ಚರಿತ್ರೆಯಿದೆ. 1989ರಲ್ಲಿ ಕೇಂದ್ರ ಸರ್ಕಾರ ನೆದರ್ಲೆಂಡ್ಸ್‌ನ ಹಣದ ನೆರವಿನಿಂದ ಕರ್ನಾಟಕ, ಉತ್ತರ ಪ್ರದೇಶ, ಗುಜರಾತ್‌ಗಳಲ್ಲಿ ‘ಮಹಿಳಾ ಸಮಖ್ಯಾ’ ಆರಂಭಿಸಿತು. ನಮ್ಮಲ್ಲಿ ಅದು ಮೊದಲು ಕಾಲಿಟ್ಟದ್ದು ಬೀದರ್, ಬಿಜಾಪುರ, ಮೈಸೂರು ಜಿಲ್ಲೆಗಳಿಗೆ. ಶ್ರೀಲತಾ ಬಾಟ್ಲಿವಾಲಾ ಅದರ ಮೊದಲ ರಾಜ್ಯ ನಿರ್ದೇಶಕಿ. ಇದು ಶಿಕ್ಷಣ ಇಲಾಖೆಯ ಯೋಜನೆ. ಆದರೆ ಇದರಲ್ಲಿ ಅಕ್ಷರ ಕಲಿಸುವ ಅವಸರ ಇರಲಿಲ್ಲ. ಹತ್ತು ಹಳ್ಳಿಗೊಬ್ಬಳಂತೆ ‘ಸಹಯೋಗಿನಿ’ ಊರೂರು ತಿರುಗಿ ಹೆಂಗಸರನ್ನು, ಅದರಲ್ಲೂ ಕೂಲಿ ಮಾಡುವ ದಲಿತ ಹೆಂಗಸರನ್ನು, ಸಂಘವಾಗಿ ಕೂಡಿಸುತ್ತಿದ್ದಳು. ಮೇಜು ಕುರ್ಚಿಯಿಲ್ಲ; ಎಲ್ಲರೂ ಚಾಪೆಯ ಮೇಲೆ ದುಂಡಗೆ. ಮೊದಲು ಮಾತು: ಬೋರ್‌ವೆಲ್ ಯಾಕೆ ಕೆಟ್ಟಿದೆ, ಕೂಲಿ ಯಾಕೆ ಕಡಿಮೆ, ರೇಷನ್ ಅಂಗಡಿಯವನು ಯಾಕೆ ತೂಕದಲ್ಲಿ ಹೊಡೆಯುತ್ತಾನೆ, ಗಂಡ ಯಾಕೆ ಹೊಡೆಯುತ್ತಾನೆ.

ಅಕ್ಷರ ಬಂದದ್ದು ಆಮೇಲೆ. ತಾಲ್ಲೂಕು ಕಚೇರಿಗೆ ಅರ್ಜಿ ಕೊಡಬೇಕಾದಾಗ, ಆ ಅರ್ಜಿಯಲ್ಲಿ ಬರೆದವನು ಏನು ಬರೆದಿದ್ದಾನೋ ಎಂಬ ಗುಮಾನಿ ಹುಟ್ಟಿದಾಗ, ಸಂಘದ ದುಡ್ಡಿನ ಲೆಕ್ಕ ಬರೆಯಲು ಊರ ಹುಡುಗನನ್ನು ಕಾಯಬೇಕಾದಾಗ, ‘ನಮಗೂ ಕಲಿಸ್ರಿ’ ಎಂಬ ಮಾತು ಹೆಂಗಸರ ಬಾಯಿಂದಲೇ ಬರಬೇಕೆಂದು ಆ ಯೋಜನೆ ಕಾಯುತ್ತಿತ್ತು. ಕಾಯುವ ಸರ್ಕಾರಿ ಯೋಜನೆ! ಗುರಿ ಮುಟ್ಟಿದ ಅಂಕಿಅಂಶ ಕೇಳುವ ಮೇಲಧಿಕಾರಿಗಳಿಗೆ ಇದರಿಂದ ಎಷ್ಟು ತಲೆನೋವಾಗಿರಬಹುದೋ.

ಕಲಿಯಲು ಕುಳಿತ ಮೇಲಿನ ಕಷ್ಟಗಳು ಬೇರೆ. ವಯಸ್ಕ ಹೆಂಗಸು ಮೊದಲು ಬರೆಯಲು ಬಯಸುವುದು ಅ, ಆ, ಇ, ಈ ಅಲ್ಲ, ತನ್ನ ಹೆಸರು. ಇಲ್ಲಿ ಕನ್ನಡ ಲಿಪಿ ಕೊಂಚ ಪಕ್ಷಪಾತಿ. ಕಮಲ, ಸರಳ ಎಂಬ ಹೆಸರಿನವರು ಪುಣ್ಯವಂತರು. ಒತ್ತಿಲ್ಲದ ಮೂರು ಅಕ್ಷರಗಳಲ್ಲಿ ಕೆಲಸ ಮುಗಿಯಿತು. ಪಕ್ಕದಲ್ಲಿ ಕೂತ ಲಕ್ಷ್ಮಿಗೋ, ಕ-ಕಾರಕ್ಕೆ ಷ-ಕಾರ, ಷ-ಕಾರಕ್ಕೆ ಮ-ಕಾರದ ಒತ್ತು, ಅದರ ಮೇಲೊಂದು ಗುಡಿಸು. ಪದವೀಧರರೂ ಒಂದು ಕ್ಷಣ ತಡವರಿಸುವ ಸಂಯುಕ್ತಾಕ್ಷರವನ್ನು ಆಕೆ ಮೊದಲ ದಿನವೇ ಎದುರಿಸಬೇಕು. ಎಂದೂ ಪೆನ್ನು ಹಿಡಿಯದ ಕೈ ಬೇರೆ. ಕುಡುಗೋಲಿಗೆ, ಬೀಸುವ ಕಲ್ಲಿಗೆ ಒಗ್ಗಿದ ಬೆರಳಿಗೆ ಪೆನ್ಸಿಲ್ ತೀರ ಹಗುರ, ಜಾರಿ ಹೋಗುತ್ತದೆ. ಆದರೆ ಅದೇ ಬೆರಳು ದಿನಾ ಬೆಳಗ್ಗೆ ಅಂಗಳದಲ್ಲಿ ಚುಕ್ಕಿಯ ಸಾಲು ಇಟ್ಟು, ಸಾಲಿಗೊಂದು ಕಡಿಮೆ ಮಾಡುತ್ತಾ, ಒಂದೂ ತಪ್ಪದೆ ರಂಗೋಲಿ ಎಳೆಯುತ್ತದೆ. ಬುದ್ಧಿವಂತರಾದ ಕಲಿಸುವವರು ನೋಟುಬುಕ್ಕನ್ನು ಆಚೆಗಿಟ್ಟು ನೆಲದಿಂದ, ಸೀಮೆಸುಣ್ಣದಿಂದ ಶುರುಮಾಡುವುದು ಇದಕ್ಕೇ.

ಇನ್ನೊಂದು ಸಂಗತಿಯನ್ನು ಯಾರೂ ಭಾಷಣದಲ್ಲಿ ಹೇಳುವುದಿಲ್ಲ: ಕನ್ನಡಕ. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗುವುದು ಎಲ್ಲರಿಗೂ ಇದ್ದದ್ದೇ. ‘ನನ್ನ ತಲೆಗೆ ಹತ್ತಲ್ಲವ್ವ’ ಎಂದು ಸ್ಲೇಟು ಕೆಳಗಿಡುವವರಲ್ಲಿ ಕೆಲವರಿಗಾದರೂ ಹತ್ತದೆ ಇರುವುದು ತಲೆಗಲ್ಲ, ಕಣ್ಣಿಗೆ.

ಅಕ್ಷರದ ಹೆಸರಲ್ಲಿ ಕೂಡಿದ ಹೆಂಗಸರು ಅಕ್ಷರಕ್ಕೇ ನಿಲ್ಲುತ್ತಾರೆ ಎಂದುಕೊಂಡವರು ನೆಲ್ಲೂರಿನ ಕಥೆ ಕೇಳಬೇಕು. ತೊಂಬತ್ತರ ದಶಕದ ಮೊದಲ ವರ್ಷಗಳು. ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ. ಓದಲು ಕೊಟ್ಟ ಪಾಠಗಳಲ್ಲೊಂದು, ಕುಡುಕ ಗಂಡನಿಂದ ನೊಂದ ಹೆಣ್ಣೊಬ್ಬಳು ಊರ ಹೆಂಗಸರನ್ನು ಕೂಡಿಸಿಕೊಂಡು ಸಾರಾಯಿ ಅಂಗಡಿ ಮುಚ್ಚಿಸಿದ ಕಥೆ. ರಾತ್ರಿ ಪಾಠದಲ್ಲಿ ಅದನ್ನು ಓದಿದ ದೂಬಗುಂಟ ಎಂಬ ಊರಿನ ಹೆಂಗಸರು, ಇದು ನಮ್ಮೂರಲ್ಲಿ ಯಾಕಾಗಬಾರದು ಎಂದು ಎದ್ದರು. ರೋಸಮ್ಮ ಎಂಬಾಕೆ ಮುಂದೆ ನಿಂತರು, ಅಂಗಡಿ ಮುಚ್ಚಿತು. ಕಿಚ್ಚು ಹಳ್ಳಿಯಿಂದ ಹಳ್ಳಿಗೆ ಹಬ್ಬಿ, 1993ರ ಅಕ್ಟೋಬರ್ ಹೊತ್ತಿಗೆ ಆಂಧ್ರ ಸರ್ಕಾರ ರಾಜ್ಯದಲ್ಲೆಲ್ಲ ಸಾರಾಯಿ ನಿಷೇಧಿಸಬೇಕಾಯಿತು.

ಅದೇ ಕಾಲಕ್ಕೆ ತಮಿಳುನಾಡಿನ ಪುದುಕ್ಕೋಟೈಯಲ್ಲಿ ಇನ್ನೊಂದು ಬಗೆ. ಶೀಲಾ ರಾಣಿ ಚುಂಕತ್ ಅಲ್ಲಿನ ಜಿಲ್ಲಾಧಿಕಾರಿ. ‘ಅರಿವೊಳಿ ಇಯಕ್ಕಂ’ ಎಂಬ ಸಾಕ್ಷರತಾ ಚಳವಳಿ ಓದು ಬರಹದ ಜೊತೆಗೆ ಸೈಕಲನ್ನೂ ಕಲಿಸಿತು. ಕಲಿಸುವ ಹೆಂಗಸರು ಊರಿಂದೂರಿಗೆ ಹೋಗಬೇಕಲ್ಲ, ಬಸ್ಸನ್ನೇ ನೆಚ್ಚಿ ಕೂತರೆ ಆದೀತೆ? ಸಾವಿರಾರು ಹೆಂಗಸರು ಸೈಕಲ್ ಹತ್ತಿದರು. ಹೊಲದವರು, ಕಲ್ಲುಗಣಿಯವರು, ನರ್ಸುಗಳು, ಮೇಡಮ್ಮುಗಳು. ಪತ್ರಕರ್ತ ಪಿ. ಸಾಯಿನಾಥ್ ಇದನ್ನು ವಿವರವಾಗಿ ಬರೆದಿದ್ದಾರೆ. ಹಲವರು ಲೇಡೀಸ್ ಸೈಕಲ್ ಬಿಟ್ಟು ಗಂಡಸರ ಸೈಕಲನ್ನೇ ಆರಿಸಿಕೊಂಡರಂತೆ. ಮುಂದಿನ ಕಂಬಿಯ ಮೇಲೆ ಮಗುವನ್ನು ಕೂರಿಸಬಹುದಲ್ಲ ಎಂದು. ಚುಡಾಯಿಸುವವರು ಚುಡಾಯಿಸಿದರು. ಸೈಕಲ್‌ಗಳು ನಿಲ್ಲಲಿಲ್ಲ.

ಈಗ ಕರ್ನಾಟಕದಲ್ಲಿ ಹೆಂಗಸರಿಗೆ ಬಸ್ಸೇ ಪುಕ್ಕಟೆ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆ ಬಂದು, ತವರಿಗೂ ಧರ್ಮಸ್ಥಳಕ್ಕೂ ಹೊರಟವರು ತುಂಬಿಕೊಂಡಿದ್ದಾರೆ. ಆದರೆ 2011ರ ಜನಗಣತಿಯ ಪ್ರಕಾರ ರಾಜ್ಯದ ಮಹಿಳಾ ಸಾಕ್ಷರತೆ ಶೇಕಡಾ 68ರ ಆಸುಪಾಸು. ಗಂಡಸರದು 82 ದಾಟಿತ್ತು. ಅಂದರೆ ಏಳು ವರ್ಷ ದಾಟಿದ ಹೆಂಗಸರಲ್ಲಿ ಸುಮಾರು ಮೂರನೇ ಒಂದು ಪಾಲು, ನಿಲ್ದಾಣದಲ್ಲಿ ನಿಂತು ‘ಯಾವೂರಿಗಪ್ಪ ಇದು?’ ಎಂದು ಕೇಳಬೇಕಾದವರು. ಬೋರ್ಡಿನ ಹೆಸರನ್ನು ಮೊದಲ ಪಾಠವಾಗಿ ಇಟ್ಟುಕೊಂಡ ಒಂದು ತರಗತಿಗೆ ಇಂದು ಎಷ್ಟು ಜನ ಬಂದಾರು!

ಮಹಿಳಾ ಸಮಖ್ಯಾ ಸುಮಾರು ಕಾಲು ಶತಮಾನ ನಡೆದು ನಿಂತಿತು. ಈಗ 2022ರಿಂದ 2027ರವರೆಗಿನ ‘ಉಲ್ಲಾಸ್’ ಹೆಸರಿನ ಕೇಂದ್ರ ಸಾಕ್ಷರತಾ ಯೋಜನೆಯಿದೆ. ಸ್ವಯಂಸೇವಕರು ಕಲಿಸುತ್ತಾರೆ, ಕೊನೆಗೊಂದು ಪರೀಕ್ಷೆ. ಪರೀಕ್ಷೆ ಎಂದರೆ ಅಜ್ಜಿಯರು ಹೆದರುತ್ತಾರೆ ಎಂಬುದು ಕಿರಿಯರ ಕಲ್ಪನೆ ಮಾತ್ರ. ಕೇರಳದ ಆಲಪ್ಪುಳ ಜಿಲ್ಲೆಯ ಕಾರ್ತ್ಯಾಯನಿ ಅಮ್ಮ 2018ರಲ್ಲಿ, ತಮ್ಮ 96ನೇ ವಯಸ್ಸಿನಲ್ಲಿ, ‘ಅಕ್ಷರಲಕ್ಷಂ’ ಎಂಬ ಸಾಕ್ಷರತಾ ಪರೀಕ್ಷೆ ಬರೆದು 100ಕ್ಕೆ 98 ಅಂಕ ತೆಗೆದರು. ದೇವಸ್ಥಾನಗಳಲ್ಲಿ ಕಸ ಗುಡಿಸಿ ಬಾಳಿದವರು, ಶಾಲೆಯ ಮೆಟ್ಟಿಲು ಹತ್ತದವರು. ವಯಸ್ಸಾದ ಮೇಲೆ ಮಗಳು ಪರೀಕ್ಷೆ ಪಾಸು ಮಾಡಿದ್ದು ನೋಡಿ ಇವರಿಗೂ ಹುರುಪು ಬಂದದ್ದು. ಪ್ರಮಾಣಪತ್ರ ಕೈಗೆ ಬಂದ ಮೇಲೆ ಕಂಪ್ಯೂಟರ್ ಕಲಿಯಬೇಕು ಎಂದರು. ರಾಜ್ಯದ ಶಿಕ್ಷಣ ಸಚಿವರು ಲ್ಯಾಪ್‌ಟಾಪ್ ಹಿಡಿದುಕೊಂಡು ಅವರ ಮನೆಗೆ ಹೋಗಬೇಕಾಯಿತು.